ಸೋತವರಿಗೂ ಒಂದು ಅಂಕ

ಮಲೇಷ್ಯಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ದೇವರಾಜ ಅರಸು ಬಡಾವಣೆಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: ಆ ಜೋಡಿ ಗೋಪುರ ಹತ್ತಿದಿರಾ ಮೇಡಂ? ಹತ್ತಲಿಲ್ಲ. ಸಮುದ್ರ? ವಿಮಾನದ ಕಿಟಕಿಯಿಂದ ಕಂಡದ್ದನ್ನು ನೋಡಿದ್ದು ಎನ್ನುವುದಾದರೆ ನೋಡಿದೆ. ನಾವು ಹೋದದ್ದು ಇಪೋ ಎಂಬ ಊರಿಗೆ, ಹಾಕಿ ಆಡಲಿಕ್ಕೆ. ಇಷ್ಟು ಹೇಳಿದೊಡನೆ ಎದುರಿಗಿದ್ದವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಐವತ್ತರ ಹತ್ತಿರ ಬಂದ, ಹರಿಹರದ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುವ ಹೆಂಗಸು ಹಾಕಿ ಆಡಲು ಪರದೇಶಕ್ಕೆ ಹೋಗುವುದುಂಟೇ?

ಉಂಟು. ನಲವತ್ತು ದಾಟಿದ ಹೆಂಗಸರಿಗೆಂದೇ ನಡೆಯುವ ಪಂದ್ಯಾವಳಿಗಳಿವೆ. ಕಾಲೇಜು ದಿನಗಳಲ್ಲಿ ಆಡಿ, ಆಮೇಲೆ ಮದುವೆ, ಮಕ್ಕಳು, ನೌಕರಿ ಎಂದು ಸ್ಟಿಕ್ಕನ್ನು ಅಟ್ಟಕ್ಕೆ ಹಾಕಿದ್ದ ದಾವಣಗೆರೆ, ಹರಿಹರದ ಹದಿನಾಲ್ಕು ಜನ ನಾವು ಮತ್ತೆ ಸೇರಿ ಭಾನುವಾರಗಳಂದು ಆಡತೊಡಗಿ ಕೆಲವು ವರ್ಷಗಳಾದವು. ನಾನು ಗೋಲ್‌ಕೀಪರ್. ನಾಯಕಿ ರೇಣುಕಾ ಕಾಲೇಜಿನಲ್ಲಿ ನನ್ನ ಸಹಪಾಠಿ, ಈಗ ಕೊಕ್ಕನೂರಿನಲ್ಲಿ ಭತ್ತ ಬೆಳೆಯುತ್ತಾಳೆ. ಅವಳ ಎಡ ಮೊಣಕಾಲು ಸವೆದುಹೋಗಿದೆ. ಊರಿಗೆ ಮರಳಿದ ಮೇಲೆ ಆಪರೇಷನ್ ಎಂದು ಡಾಕ್ಟರು ಗೊತ್ತು ಮಾಡಿದ್ದರು. ಅಂದರೆ ಇದೇ ಅವಳ ಕೊನೆಯ ಪಂದ್ಯಾವಳಿ. ಅವಳು ಎಷ್ಟೋ ಊರುಗಳಲ್ಲಿ ಆಡಿದ್ದಾಳೆ, ಫೈನಲ್ ಮಾತ್ರ ಒಂದನ್ನೂ ಆಡಿಲ್ಲ. ಪ್ರತಿ ಸಲ ಸೆಮಿಫೈನಲ್‌ಗೆ ಗಾಡಿ ನಿಂತುಬಿಡುತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿಕೊಳ್ಳದಿದ್ದರೂ ನಾವೆಲ್ಲ ಹೊರಟಿದ್ದು ಅವಳನ್ನು ಒಂದು ಫೈನಲ್‌ನಲ್ಲಿ ನಿಲ್ಲಿಸಬೇಕೆಂದೇ.

ಬೆಂಗಳೂರು, ವಿಮಾನ ಹತ್ತುವ ಮೊದಲು

ಗೋಲ್‌ಕೀಪರ್‌ನ ಚೀಲ ಎಂದರೆ ಒಂದು ಸಣ್ಣ ಸಂಸಾರ. ಕಾಲಿಗೆ ಕಟ್ಟುವ ದಪ್ಪ ಪ್ಯಾಡು, ಕೈಗೆ ಸ್ಪಂಜಿನ ಹಲಗೆ, ಎದೆಗೆ ಕವಚ, ತಲೆಗೆ ಹೆಲ್ಮೆಟ್ಟು. ತಪಾಸಣೆಯ ಹುಡುಗ ಎಕ್ಸ್‌ರೇ ಪರದೆಯನ್ನು ಮೂರು ಸಲ ಹಿಂದೆ ಮುಂದೆ ಓಡಿಸಿ ಕೊನೆಗೆ ಚೀಲ ಬಿಚ್ಚಿಸಿದ.

"ಏನ್ ಮೇಡಂ ಇದು, ಹಾಸಿಗೆನಾ?"

"ಹಾಕಿ ಪ್ಯಾಡಪ್ಪಾ."

"ಯಾರು ಆಡೋದು? ಮಗಳಾ?"

ನನ್ನ ಹಿಂದೆ ನಿಂತಿದ್ದ ಮಂಜುಳಾ ನಕ್ಕಳು. ಮಾಯಕೊಂಡದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಮಂಜುಳಾ ನಮ್ಮ ಮುಂಪಡೆಯವಳು, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು. "ಅಕ್ಕಾರೇ ಆಡ್ತಾರ್ರಿ. ಇವರು ನಿಂತ್ರೆ ಗೋಲೇ ಕಾಣಂಗಿಲ್ಲ," ಎಂದಳು. ಅದು ನನ್ನ ಆಟದ ಬಗ್ಗೆಯೋ ಗಾತ್ರದ ಬಗ್ಗೆಯೋ ಎಂದು ಕೇಳುವಷ್ಟು ಹೊತ್ತಿರಲಿಲ್ಲ. ಚೀಲದ ತೂಕ ಮಿತಿ ಮೀರಿತೆಂದು ಕೌಂಟರಿನವರು ಹೇಳಿದ್ದರಿಂದ ಒಂದು ಪ್ಯಾಡನ್ನು ರೇಣುಕಾ ಕಂಕುಳಲ್ಲಿ, ಇನ್ನೊಂದನ್ನು ನಾನು ಎದೆಗವಚಿಕೊಂಡು ವಿಮಾನ ಹತ್ತಿದೆವು. ಗಗನಸಖಿ ಅದನ್ನು ಸೀಟಿನ ಕೆಳಗೆ ತುರುಕಲು ಹೇಳಿದಳು. ಅದು ಹೋಗಲಿಲ್ಲ. ಇಡೀ ದಾರಿ ನಾನು ಕಾಲು ಮಡಚಿಕೊಂಡು ಕೂತೆ.

ಇಪೋ, ನೀರು ಕುಡಿಯುವ ಮೈದಾನ

ನಮ್ಮನ್ನು ಬಸ್ ನಿಲ್ದಾಣಕ್ಕೆ ಬಂದು ಕರೆದೊಯ್ದವಳು ಸೆಲ್ವಿ. ಅವಳ ಮುತ್ತಜ್ಜ ರಬ್ಬರ್ ತೋಟಕ್ಕೆಂದು ತಮಿಳುನಾಡಿನಿಂದ ಹೋದವರಂತೆ. ಅವಳು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಆತಿಥೇಯ ಇಪೋ ತಂಡದ ನಾಯಕಿಯೂ ಅವಳೇ. ಇಂಗ್ಲಿಷು, ತಮಿಳು ಕಲಸಿ ಮಾತಾಡುತ್ತಿದ್ದಳು, ನಾವು ಕನ್ನಡ, ಇಂಗ್ಲಿಷು ಕಲಸಿ ಉತ್ತರಿಸುತ್ತಿದ್ದೆವು. 'ಅಕ್ಕಾ' ಎಂಬ ಪದ ಇಬ್ಬರಿಗೂ ಒಂದೇ ಆದದ್ದರಿಂದ ಉಳಿದದ್ದು ಹೇಗೋ ನಡೆಯಿತು.

ಮೊದಲ ಬೆಳಿಗ್ಗೆ ತಿಂಡಿಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ ಬಂತು, ಪಕ್ಕದಲ್ಲಿ ಕೆಂಪು ಚಟ್ನಿ. ಬೆಳಿಗ್ಗೆ ಬೆಳಿಗ್ಗೆಯೇ ಅನ್ನವೇ ಎಂದು ಗೊಣಗಿಕೊಂಡು ಬಾಯಿಗಿಡುವುದರಲ್ಲಿದ್ದ ಮಂಜುಳಾ ಕೈ ತಡೆದಳು. "ಅಕ್ಕಾ, ಚಟ್ನಿಯೊಳಗೆ ಕಣ್ಣು ಐತೆ." ನೋಡಿದರೆ ಸಾಸಿವೆ ಕಾಳಿನಷ್ಟು ಕಣ್ಣಿನ ಒಣಮೀನು. ನಮ್ಮಲ್ಲಿ ಹನ್ನೊಂದು ಜನ ಮೀನು ಮುಟ್ಟದವರು. ಸೆಲ್ವಿ ಪಾಪ, ಓಡಿಹೋಗಿ ಬೇಳೆಸಾರು ಮತ್ತು ಪರೋಟದಂಥ ರೊಟ್ಟಿ ತಂದಳು. ಅಲ್ಲಿಂದ ಮುಂದೆ ನಾಲ್ಕೂ ದಿನ ನಾವು ಅದನ್ನೇ ತಿಂದೆವು.

ಮೈದಾನ ನೋಡಿ ಮಾತ್ರ ಎಲ್ಲರೂ ಬೇಲಿಗೆ ಅಂಟಿ ನಿಂತೆವು. ನೀಲಿ ಬಣ್ಣದ ಕೃತಕ ಹುಲ್ಲಿನ ಟರ್ಫು. ಪಂದ್ಯಕ್ಕೆ ಮುಂಚೆ ಸುತ್ತಲಿನ ಕೊಳವೆಗಳು ತಾವಾಗಿಯೇ ತಲೆಯೆತ್ತಿ ಇಡೀ ಮೈದಾನಕ್ಕೆ ನೀರು ಚಿಮ್ಮಿಸಿದವು. ನೀರಿದ್ದರೆ ಚೆಂಡು ಚೆನ್ನಾಗಿ ಓಡುತ್ತದಂತೆ. ನಮ್ಮ ಊರಿನ ಮಣ್ಣಿನ ಮೈದಾನದಲ್ಲಿ ಚೆಂಡು ಓಡುವುದಿಲ್ಲ, ಕಪ್ಪೆಯ ಹಾಗೆ ಹಾರುತ್ತದೆ. ಅಲ್ಲಿ ಬೇಸಿಗೆಯಲ್ಲಿ ಧೂಳು ಕೂರಲೆಂದು ಒಂದು ಟ್ಯಾಂಕರ್ ನೀರು ಕೇಳಿದರೆ, ಕುಡಿಯುವವರಿಗೇ ಇಲ್ಲ, ನಿಮಗೆಲ್ಲಿಂದ ಕೊಡೋಣ ಎಂದು ಬೈದು ಕಳಿಸುತ್ತಾರೆ. ಬೈಯುವುದೂ ಸರಿಯೇ. ರೇಣುಕಾ ಚಿಮ್ಮುವ ನೀರನ್ನೇ ನೋಡುತ್ತ, "ನಮ್ಮ ಕಾಲುವೆ ಕೊನೇ ಗದ್ದೆಗೆ ಇಷ್ಟು ಬಂದಿದ್ರೆ ಸಾಕಿತ್ತು," ಎಂದಳು.

ಆ ಸಂಜೆ ನಾಯಕಿಯರ ಸಭೆ. ರೇಣುಕಾಳ ಜೊತೆಗೆ ಮಾತು ತಿಳಿಸಲೆಂದು ನಾನೂ ಹೋದೆ. ಪಂದ್ಯಾವಳಿಯ ನಿರ್ದೇಶಕರು ಲಿಮ್ ಎಂಬ ಹಿರಿಯರು. ತುಂಬ ಸಭ್ಯರು. ಏನು ಕೇಳಿದರೂ "ಕ್ಯಾನ್, ಕ್ಯಾನ್", ಅಂದರೆ ಆಗುತ್ತದೆ, ಎನ್ನುತ್ತಿದ್ದರು. ಅವರು ನಿಯಮ ವಿವರಿಸಿದರು. ಐದು ತಂಡ: ಇಪೋ, ಪೆನಾಂಗ್, ಸಿಂಗಪುರ, ಕೊಲಂಬೊ, ನಾವು. ಪ್ರತಿಯೊಬ್ಬರೂ ಉಳಿದ ನಾಲ್ವರೊಂದಿಗೆ ಆಡಬೇಕು. ಮೇಲಿನ ಎರಡು ತಂಡ ಫೈನಲ್‌ಗೆ. ಗೆದ್ದರೆ ಎರಡು ಅಂಕ, ಸೋತರೆ ಸೊನ್ನೆ. ಆಟ ಸಮವಾದರೆ ಶೂಟೌಟ್: ಒಬ್ಬ ಆಟಗಾರ್ತಿ ಒಬ್ಬಳೇ ಚೆಂಡು ತಂದು, ಎಂಟು ಸೆಕೆಂಡಿನೊಳಗೆ ಗೋಲ್‌ಕೀಪರನ್ನು ದಾಟಿ ಹೊಡೆಯಬೇಕು. ಎರಡೂ ಕಡೆ ಐದೈದು ಜನ. ಇಲ್ಲಿ ಗೆದ್ದವರಿಗೂ ಎರಡು ಅಂಕ. ಆದರೆ ಶೂಟೌಟ್‌ನಲ್ಲಿ ಸೋತವರಿಗೆ ಸೊನ್ನೆಯಲ್ಲ, ಒಂದು ಅಂಕ.

ನಾನು ಕೈಯೆತ್ತಿದೆ. "ಒಂದು ಪಂದ್ಯದಲ್ಲಿ ಎರಡು ಅಂಕ ಹಂಚುತ್ತೀರಿ, ಇನ್ನೊಂದರಲ್ಲಿ ಮೂರು ಹಂಚುತ್ತೀರಿ. ಆ ಮೂರನೆಯ ಅಂಕ ಎಲ್ಲಿಂದ ಬಂತು?"

ಲಿಮ್ ನಕ್ಕರು. ಪೂರ್ತಿ ಹೊತ್ತು ಸರಿಸಮ ಹೋರಾಡಿದವರು ಬರಿಗೈಯಲ್ಲಿ ಹೋಗಬಾರದಲ್ಲ ಮೇಡಂ, ಎಂದರು. ಐಸ್ ಹಾಕಿಯ ದೊಡ್ಡ ಲೀಗ್‌ಗಳಲ್ಲೂ ಹೀಗೇ ಇದೆಯಂತೆ.

ಸರಿಸಮ ಹೋರಾಡಿ ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟವರ ಗತಿಯೇನು ಎಂದು ನಾನು ಕೇಳಬೇಕೆಂದಿದ್ದೆ. ಒಂದೇ ಅಂಗಡಿಯಲ್ಲಿ ಎರಡು ಥರದ ಪಾವು ಇಟ್ಟುಕೊಂಡು ಅಕ್ಕಿ ಅಳೆದ ಹಾಗಾಯಿತಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ರೇಣುಕಾ ನನ್ನ ಸೆರಗು ಜಗ್ಗಿದಳು. "ಸುಮ್ನಿರು ಸುವರ್ಣಾ. ನಾವು ಗೆಲ್ಲಾಕ ಬಂದೀವಿ. ಗೆದ್ರೆ ಎರಡೇ ಅಲ್ಲೇನು?"

ಮೊದಲ ದಿನ

ಮೊದಲ ಪಂದ್ಯವೇ ಸೆಲ್ವಿಯ ಇಪೋ ತಂಡದೊಂದಿಗೆ. ಚೆಂಡು ಅಷ್ಟು ವೇಗವಾಗಿ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಮೊದಲ ಹತ್ತು ನಿಮಿಷ ನಾನು ಚೆಂಡು ಹೋದ ಮೇಲೆ ಕಾಲು ಚಾಚುತ್ತಿದ್ದೆ. ಒಂದು ಗೋಲು ಬಿತ್ತು. ಆಮೇಲೆ ಮಂಜುಳಾ ಒಂದನ್ನು ತಿರುಗಿಸಿದಳು. ಒಂದು ಒಂದು, ಸಮ.

ಶೂಟೌಟ್‌ನಲ್ಲಿ ಏನಾಯಿತೆಂದು ನಾನೇ ಹೇಳಿದರೆ ಜಂಬವಾಗುತ್ತದೆ, ಆದರೆ ಹೇಳದೆ ಹೇಗಿರಲಿ? ಐದರಲ್ಲಿ ನಾಲ್ಕನ್ನು ತಡೆದೆ. ಕೊನೆಯವಳು ಸೆಲ್ವಿಯೇ. ಎಡಕ್ಕೆ ತೋರಿಸಿ ಬಲಕ್ಕೆ ಬಂದಳು, ನಾನು ಇಡೀ ಮೈಯನ್ನು ನೆಲಕ್ಕೆ ಚೆಲ್ಲಿದೆ, ಚೆಂಡು ನನ್ನ ಹೆಲ್ಮೆಟ್ಟಿಗೆ ಬಡಿದು ಆಚೆ ಹೋಯಿತು. ತಂಡದವರೆಲ್ಲ ನನ್ನ ಮೇಲೆ ಬಿದ್ದರು. ಏಳಲು ಇಬ್ಬರು ಕೈ ಕೊಡಬೇಕಾಯಿತು. ಸೆಲ್ವಿ ಬಂದು ನನ್ನ ಹೆಲ್ಮೆಟ್ಟು ತಟ್ಟಿ, "ಅಕ್ಕಾ, ಗೋಡೆ," ಎಂದಳು.

ಮೈದಾನದ ಹೊರಗಿನ ಬೋರ್ಡಿನಲ್ಲಿ ಬರೆದರು: ದಾವಣಗೆರೆ ಎರಡು, ಇಪೋ ಒಂದು. ಖುಷಿಯಲ್ಲಿದ್ದ ನಾನು ಆ ಒಂದನ್ನು ಗಮನಿಸಲೂ ಇಲ್ಲ.

ಎರಡನೆಯ ದಿನ

ಬೆಳಿಗ್ಗೆ ಪೆನಾಂಗ್ ಕೈಯಲ್ಲಿ ಒಂದು ಗೋಲಿನಿಂದ ಸೋತೆವು. ಆ ಗೋಲು ಮುಕ್ತಾಯಕ್ಕೆ ಸ್ವಲ್ಪ ಮುಂಚೆ ಬಿತ್ತು, ನನ್ನ ಎರಡು ಪ್ಯಾಡುಗಳ ನಡುವೆ ನುಸುಳಿಕೊಂಡು. ನಮಗೆ ಸೊನ್ನೆ. ಸಂಜೆ ಕೊಲಂಬೊ ತಂಡವನ್ನು ಎರಡು ಸೊನ್ನೆಯಿಂದ ಸೋಲಿಸಿದೆವು. ಎರಡೂ ಗೋಲು ರೇಣುಕಾಳವು. ಕೊಲಂಬೊ ನಾಯಕಿ ನಿಲ್ಮಿನಿ ಎಂಬ ಶಾಲಾ ಶಿಕ್ಷಕಿ. ನಗುವುದೇ ಅಪರೂಪ. ಪಂದ್ಯ ಮುಗಿದ ಮೇಲೆ ರೇಣುಕಾಳ ಬಳಿ ಬಂದು ಅವಳ ಮೊಣಕಾಲಿನ ಪಟ್ಟಿಯನ್ನು ಬೊಟ್ಟು ಮಾಡಿ, ಇದನ್ನು ಕಟ್ಟಿಕೊಂಡು ಇಷ್ಟು ಓಡುತ್ತೀಯಲ್ಲ ಎನ್ನುವಂತೆ ತಲೆಯಾಡಿಸಿ ಹೋದಳು.

ಈಗ ನಮ್ಮದು ನಾಲ್ಕು ಅಂಕ. ನಡುವೆ ಮಳೆ ಬಂದು ಎರಡು ಗಂಟೆ ಆಟ ನಿಂತಾಗ ನಾನು ಉಳಿದವರ ಪಂದ್ಯ ನೋಡುತ್ತ ಕೂತಿದ್ದೆ. ಅಲ್ಲಿಯ ಮಳೆಗೆ ಪೀಠಿಕೆ ಇಲ್ಲ. ನಲ್ಲಿ ಬಿಟ್ಟಂತೆ ಸುರಿದು, ನಿಲ್ಲಿಸಿದಂತೆ ನಿಲ್ಲುತ್ತದೆ. ಜನ ಎದ್ದು ಓಡುವುದೂ ಇಲ್ಲ, ಕೊಡೆ ಬಿಚ್ಚಿಕೊಂಡು ಅಲ್ಲೇ ಕೂತು ಡಬ್ಬಿಯ ಗಟ್ಟಿ ಹಾಲು ಸುರಿದ ಸಿಹಿ ಕಾಫಿ ಕುಡಿಯುತ್ತಾರೆ. ನಮ್ಮಲ್ಲಾದರೆ ನಾಲ್ಕು ಹನಿ ಬಿದ್ದರೆ ಸಾಕು, ಅಂಪೈರೇ ಮೊದಲು ಓಡುತ್ತಾನೆ.

ಇಪೋದವರು ಕೊಲಂಬೊ ಕೈಯಲ್ಲೂ ಶೂಟೌಟ್‌ನಲ್ಲಿ ಸೋತರು. ಮತ್ತೊಂದು ಅಂಕ. ಪೆನಾಂಗ್ ವಿರುದ್ಧದ ಒಂದು ಪಂದ್ಯವನ್ನು ಮಾತ್ರ ಗೆದ್ದರು. ಎರಡು ಅಂಕ. ಒಟ್ಟು ನಾಲ್ಕು. ಅಂದರೆ ಎರಡು ಪಂದ್ಯ ಗೆದ್ದ ನಾವೂ ನಾಲ್ಕು, ಒಂದೇ ಗೆದ್ದ ಅವರೂ ನಾಲ್ಕು. ನಾನು ಬೋರ್ಡಿನ ಮುಂದೆ ನಿಂತು ಇದನ್ನು ಮಂಜುಳಾಗೆ ಎರಡು ಸಲ ವಿವರಿಸಿದೆ.

"ಹಂಗಾದ್ರೆ ಅಕ್ಕಾ, ಸೋಲೋದ್ರಾಗೂ ಜಾಣತನ ಬೇಕು ಅನ್ನು," ಎಂದಳು ಅವಳು.

ಮೂರನೆಯ ದಿನ

ಬೆಳಿಗ್ಗೆ ನಮಗೆ ಸಿಂಗಪುರದೊಂದಿಗೆ ಕೊನೆಯ ಲೀಗ್ ಪಂದ್ಯ. ಎಲ್ಲರಿಗಿಂತ ಬಲವಾದ ತಂಡ. ಹೇಗೋ ಒಂದು ಒಂದರಲ್ಲಿ ಹಿಡಿದು ನಿಲ್ಲಿಸಿದ್ದೆವು. ಕೊನೆಯ ಹತ್ತು ನಿಮಿಷ. ಸಮವಾದರೆ ಶೂಟೌಟ್, ಶೂಟೌಟ್‌ನಲ್ಲಿ ಸೋತರೂ ಒಂದು ಅಂಕ, ನಮ್ಮದು ಐದು. ಇಪೋ ಮಧ್ಯಾಹ್ನ ಇದೇ ಸಿಂಗಪುರದೊಂದಿಗೆ ಆಡಬೇಕು. ಅವರೂ ಹೀಗೆಯೇ ಒಂದು ಅಂಕ ತಂದು ಐದಾದರೂ ಅವರನ್ನು ಸೋಲಿಸಿದವರು ನಾವು, ಅಂಕ ಸಮವಾದರೆ ನಾವೇ ಮುಂದೆ. ಫೈನಲ್ ಕೈಗೆಟಕುವಷ್ಟು ಹತ್ತಿರದಲ್ಲಿತ್ತು.

ನಾನು ಗೋಲಿನಿಂದ ಕೂಗಿದೆ. "ರೇಣುಕಾ, ಹಿಂದೆ ಬಾ. ಚೆಂಡು ಹಿಡ್ಕೊಂಡು ನಿಲ್ಲು. ಸಮ ಆದ್ರೆ ಸಾಕು."

ಅವಳಿಗೆ ಕೇಳಿಸಿತು. ತಿರುಗಿ ನೋಡಿದ್ದನ್ನು ನಾನು ಕಂಡೆ. ನೋಡಿ, ಚೆಂಡು ತೆಗೆದುಕೊಂಡು ಮುಂದಕ್ಕೇ ಹೋದಳು. ಆ ಕಾಲಿನಲ್ಲಿ ಮೂವರನ್ನು ದಾಟಿದಳು. ನಾಲ್ಕನೆಯವಳು ಚೆಂಡು ಕಿತ್ತುಕೊಂಡಳು, ನಮ್ಮ ಅರ್ಧ ಮೈದಾನ ಬಯಲಾಗಿತ್ತು, ಇಬ್ಬರು ಒಟ್ಟಿಗೆ ನನ್ನ ಮೇಲೆ ಬಂದರು. ಒಬ್ಬಳನ್ನು ತಡೆಯಬಹುದು. ಒಂದು ಎರಡು, ಸೋಲು. ಸೊನ್ನೆ.

ನಾನು ಪ್ಯಾಡು ಬಿಚ್ಚಿ ಎಸೆದೆ. "ನಾನು ಕೂಗಿದ್ದು ಕೇಳ್ಳಿಲ್ಲೇನೇ?"

"ಕೇಳ್ತು."

"ಮತ್ತೆ ಯಾಕ ಹೋದೆ?"

"ಗೆಲ್ಲಬೋದು ಅನ್ನಿಸ್ತು. ಹೋದೆ." ಅವಳು ಮೊಣಕಾಲಿಗೆ ಐಸ್ ಒತ್ತಿಕೊಂಡಿದ್ದಳು. "ಸಮ ಮಾಡ್ಕೊಳ್ಳಾಕ ಹೆಂಗೆ ಆಡ್ಬೇಕು ಅಂತ ನಂಗೆ ಗೊತ್ತಿಲ್ಲ ಸುವರ್ಣಾ."

ಎಸೆದ ಪ್ಯಾಡನ್ನು ನಾನೇ ಎತ್ತಿಕೊಂಡು ಹೋಗಿ ಬೇರೆ ಬೆಂಚಿನಲ್ಲಿ ಕೂತೆ.

ಆದರೂ ಒಂದು ದಾರಿ ಉಳಿದಿತ್ತು. ಇಪೋ ಸಿಂಗಪುರದ ಕೈಯಲ್ಲಿ ಪೂರ್ತಿ ಹೊತ್ತಿನೊಳಗೆ ಸೋತರೆ ಅವರು ನಾಲ್ಕಕ್ಕೇ ನಿಲ್ಲುತ್ತಾರೆ. ಕೊಲಂಬೊದವರದೂ ನಾಲ್ಕೇ. ಇಬ್ಬರನ್ನೂ ಸೋಲಿಸಿದ ನಾವು ಫೈನಲ್‌ಗೆ. ಹದಿನಾಲ್ಕೂ ಜನ ಸಾಲಾಗಿ ಕೂತು, ಪರಿಚಯವೇ ಇಲ್ಲದ ಸಿಂಗಪುರಕ್ಕೆ ಚಪ್ಪಾಳೆ ತಟ್ಟತೊಡಗಿದೆವು. ನಮಗೆ ರೊಟ್ಟಿ, ಬೇಳೆ ತಂದಿಟ್ಟ ಸೆಲ್ವಿ ಸೋಲಲಿ ಎಂದು ಬಯಸುತ್ತ ಕೂತಿದ್ದೆವು.

ಮೊದಲ ಅರ್ಧ ಚೆನ್ನಾಗಿಯೇ ನಡೆಯಿತು. ಒಂದು ಒಂದು. ಆಮೇಲೆ ಏನೋ ಬದಲಾಯಿತು. ಸಿಂಗಪುರ ಆಗಲೇ ಫೈನಲ್ ಮುಟ್ಟಿಯಾಗಿತ್ತು, ಅವರಿಗೆ ಯಾರ ಮೇಲೂ ಹಗೆಯಿಲ್ಲ, ಮರುದಿನಕ್ಕೆ ಕಾಲು ಉಳಿಸಿಕೊಳ್ಳಬೇಕಿತ್ತು. ಇಪೋಗೆ ಸಮವಾದರೆ ಸಾಕಿತ್ತು. ಸೆಲ್ವಿ ಚೆಂಡನ್ನು ಹಿಂದಕ್ಕೆ ತಳ್ಳಿದಳು. ಹಿಂದಿನವಳು ಪಕ್ಕಕ್ಕೆ ತಳ್ಳಿದಳು. ಪಕ್ಕದವಳು ಮತ್ತೆ ಸೆಲ್ವಿಗೆ. ಸಿಂಗಪುರದವರು ಅರ್ಧ ಮೈದಾನದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು. ಕೊನೆಯ ಕಾಲು ಭಾಗ ಪೂರ್ತಿ ಇದೇ. ಆ ಸುಂದರ ನೀಲಿ ಮೈದಾನದಲ್ಲಿ, ಅಷ್ಟು ನೀರು ಕುಡಿದ ಮೈದಾನದಲ್ಲಿ, ಇಪ್ಪತ್ತೆರಡು ಜನ ವಾಯುವಿಹಾರಕ್ಕೆ ಬಂದವರ ಹಾಗೆ ನಡೆದಾಡಿದರು.

ನಮ್ಮ ಊರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಪ್ರೇಕ್ಷಕರು ಮೈದಾನದೊಳಗೆ ಇಳಿದಿರುತ್ತಿದ್ದರು. ಹರಿಹರದವರು ದಾವಣಗೆರೆಯವರನ್ನು, ದಾವಣಗೆರೆಯವರು ಅಂಪೈರನ್ನು ಬೈಯುತ್ತಿದ್ದರು. ಇಲ್ಲಿ ಜನ ಶಾಂತವಾಗಿ ಕಾಫಿ ಹೀರುತ್ತಿದ್ದರು. ಸಹಿಸಲಾಗದೆ ಎದ್ದು ನಿಂತವರು ನಾನು ಮತ್ತು ಮಂಜುಳಾ.

"ಆಡ್ರೇ," ಎಂದು ಮಂಜುಳಾ ಕೂಗಿದಳು. "ಇದೇನು ಆಟನಾ, ಮೆರವಣಿಗೆನಾ? ಆಡ್ರೇ."

ಒಬ್ಬ ಸ್ವಯಂಸೇವಕಿ ಬಂದು ನಗುನಗುತ್ತಲೇ ನಮ್ಮನ್ನು ಕೂರಿಸಿದಳು. ಕೊನೆಯ ಸೀಟಿ ಕೇಳಿಸಿತು. ಶೂಟೌಟ್‌ನಲ್ಲಿ ಇಪೋ ಸೋತಿತು. ಸೋತವರೇ ತಬ್ಬಿಕೊಂಡು ಕುಣಿದರು. ನಾಲ್ಕರಲ್ಲಿ ಒಂದು ಗೆದ್ದು ಮೂರು ಸೋತವರು ಐದು ಅಂಕದಿಂದ ಫೈನಲ್‌ಗೆ. ಎರಡು ಗೆದ್ದ ನಾವು ನಾಲ್ಕು ಅಂಕದಿಂದ ಮೂರನೆಯ ಸ್ಥಾನದ ಪಂದ್ಯಕ್ಕೆ. ಅವರ ಐದರಲ್ಲಿ ಒಂದು ಅಂಕ ನಮ್ಮ ಕೈಯಲ್ಲಿ ಸೋತದ್ದಕ್ಕೇ ಸಿಕ್ಕಿದ್ದು.

ನಾನು ನೇರ ಲಿಮ್ ಅವರ ಮೇಜಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ನನಗೆ ಒಂದು ಬಾಟಲಿ ನೀರು ಕೊಟ್ಟರು, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಎಂದರು. "ಮತ್ತೆ ಏನು ಮಾಡುತ್ತೀರಿ?" ಎಂದೆ. "ಕ್ಯಾನಾಟ್," ಎಂದರು. ನಾಲ್ಕು ದಿನದಲ್ಲಿ ಅವರ ಬಾಯಿಂದ ಬಂದ ಏಕೈಕ 'ಕ್ಯಾನಾಟ್' ಅದು.

ಸೆಲ್ವಿಯ ಮನೆ

ಆ ಸಂಜೆ ಊಟಕ್ಕೆ ಸೆಲ್ವಿ ಮೊದಲೇ ಕರೆದಿದ್ದಳು. ನಾನು ಹೋಗುವುದಿಲ್ಲವೆಂದೆ. ರೇಣುಕಾ ಕೇಳಲಿಲ್ಲ. "ಉಣ್ಣಾಕ ಕರೆದೋರ ಮನೆಗೆ ಹೋಗ್ದೇ ಇರೋದು ಯಾವ ಊರಿನ ರೀತಿ? ಏಳು." ಮೂವರು ಹೋದೆವು, ರೇಣುಕಾ, ಮಂಜುಳಾ, ನಾನು.

ಚಪ್ಪಲಿ ಬಿಟ್ಟು ಒಳಗೆ ಹೋಗುವ ಮನೆ. ಬಾಗಿಲಿಗೆ ಮಾವಿನ ಎಲೆ, ಗೋಡೆಯ ಮೇಲೆ ಮುರುಗ. ಬಾಳೆ ಎಲೆಯ ಮೇಲೆ ಅನ್ನ, ಸಾಂಬಾರು, ಪಲ್ಯ. ನಮಗಾಗಿ ಮೀನಿಲ್ಲದ ಅಡುಗೆ. ಊಟ ಚೆನ್ನಾಗಿತ್ತು, ಅದೂ ನನಗೆ ಸಿಟ್ಟು ತರಿಸಿತು. ಯಾರೂ ಆಟದ ಮಾತೆತ್ತಲಿಲ್ಲ. ಕೊನೆಗೆ ಸೆಲ್ವಿಯೇ ಎತ್ತಿದಳು.

"ಅಕ್ಕಾ, ನನ್ನ ಮೇಲೆ ಕೋಪವಾ?"

"ನಿನ್ನ ಮೇಲಲ್ಲ," ಎಂದೆ. "ನಿಮ್ಮ ಲೆಕ್ಕದ ಮೇಲೆ. ಸೋತವರಿಗೆ ಯಾಕೆ ಅಂಕ? ಆ ಒಂದು ಅಂಕ ಇಲ್ಲದಿದ್ದರೆ ನೀನು ಇವತ್ತು ಹಾಗೆ ಆಡುತ್ತಿದ್ದೆಯಾ?"

"ಇಲ್ಲ," ಎಂದಳು ಅವಳು ತಕ್ಷಣ. "ಆದರೆ ನಿಯಮ ಮಾಡಿದ್ದು ನಾನಲ್ಲವಲ್ಲ. ನನ್ನ ತಂಡದಲ್ಲಿ ಹದಿನೈದು ಜನ ಇದ್ದಾರೆ ಅಕ್ಕಾ. ಅವರೂ ಫೈನಲ್ ಆಡಬೇಕು ಅಂತಲೇ ಬಂದವರು. ನೀನು ನನ್ನ ಜಾಗದಲ್ಲಿದ್ದರೆ?"

ನಾನು ಉತ್ತರಿಸುವ ಮೊದಲೇ ಮಂಜುಳಾ, "ಸುವರ್ಣಕ್ಕ ಆಗಿದ್ರೆ ಹಂಗೇ ಮಾಡ್ತಿದ್ರು. ಬೆಳಿಗ್ಗೆ ಅದನ್ನೇ ಕೂಗಿದ್ದು," ಎಂದುಬಿಟ್ಟಳು. ರೇಣುಕಾ ಎಲೆ ನೋಡುತ್ತ ಅನ್ನ ಕಲಸುತ್ತಿದ್ದಳು.

ನನಗೆ ಸುಮ್ಮನಿರಲಾಗಲಿಲ್ಲ. ಸೆಲ್ವಿಯ ಮಗಳ ಸ್ಲೇಟು ತರಿಸಿಕೊಂಡೆ. ನ್ಯಾಯವಾದ ಲೆಕ್ಕ ಹೇಗಿರಬೇಕೆಂದು ತೋರಿಸಿಯೇ ತೀರುತ್ತೇನೆಂದು ಹೊರಟೆ. ಪ್ರತಿ ಪಂದ್ಯಕ್ಕೂ ಹಂಚುವ ಅಂಕ ಒಂದೇ ಆಗಿರಬೇಕು. ಎಲ್ಲಕ್ಕೂ ಮೂರು ಎಂದಿಟ್ಟುಕೊಳ್ಳೋಣ. ನೇರ ಗೆದ್ದರೆ ಮೂರು, ಶೂಟೌಟ್‌ನಲ್ಲಿ ಗೆದ್ದರೆ ಎರಡು, ಅಲ್ಲಿ ಸೋತರೆ ಒಂದು. ಇದಕ್ಕಿಂತ ನ್ಯಾಯ ಇನ್ನೇನಿದೆ? ನಮಗೆ ಶೂಟೌಟ್ ಗೆಲುವಿನ ಎರಡು, ಕೊಲಂಬೊ ವಿರುದ್ಧ ಗೆದ್ದದ್ದಕ್ಕೆ ಮೂರು, ಒಟ್ಟು ಐದು. ಇಪೋಗೆ ಪೆನಾಂಗ್ ವಿರುದ್ಧ ಗೆದ್ದದ್ದಕ್ಕೆ ಮೂರು, ಮೂರು ಶೂಟೌಟ್ ಸೋಲಿಗೆ ಮೂರು. ಆರು.

ಸ್ಲೇಟು ಒರೆಸಿದೆ. ಶೂಟೌಟೇ ಬೇಡ. ನಮ್ಮೂರಿನ ಹಳೆಯ ಪದ್ಧತಿ: ಗೆದ್ದರೆ ಎರಡು, ಸಮವಾದರೆ ಇಬ್ಬರಿಗೂ ಒಂದೊಂದು. ನಮಗೆ ಮೂರು. ಇಪೋಗೆ ಐದು.

ಮತ್ತೆ ಒರೆಸಿದೆ. ಗೆದ್ದರೆ ಮೂರು, ಸಮಕ್ಕೆ ಒಂದು. ನಮಗೆ ನಾಲ್ಕು. ಅವರಿಗೆ ಆರು.

ಶೂಟೌಟ್‌ನಲ್ಲಿ ಸೋತವರಿಗೆ ಏನೂ ಇಲ್ಲ ಎಂದರೆ ಮಾತ್ರ ನಾವು ಮೇಲೆ ಬರುತ್ತಿದ್ದೆವು. ಪೂರ್ತಿ ಹೊತ್ತು ಯಾರಿಗೂ ಬಗ್ಗದೆ ಆಡಿದ ತಂಡಕ್ಕೆ, ಎಂಟು ಸೆಕೆಂಡಿನ ಆಟದಲ್ಲಿ ಎಡವಿದ್ದಕ್ಕೆ ಸೊನ್ನೆ. ಅದು ನ್ಯಾಯವೇ? ಪೆನಾಂಗ್ ಪಂದ್ಯದ ಕೊನೆಯಲ್ಲಿ ನಾನು ಬಿಟ್ಟ ಗೋಲು ನೆನಪಾಯಿತು. ಸೆಲ್ವಿಯ ತಂಡ ಅಂಥ ಗೋಲನ್ನು ಒಂದನ್ನೂ ಬಿಟ್ಟಿರಲಿಲ್ಲ. ಪೂರ್ತಿ ಹೊತ್ತಿನೊಳಗೆ ಅವರನ್ನು ಸೋಲಿಸಿದವರು ಯಾರೂ ಇರಲಿಲ್ಲ, ಸಿಂಗಪುರವೂ ಸೇರಿದಂತೆ. ನಾವು ಎರಡು ಸಲ ಸೋತಿದ್ದೆವು.

"ಯಾಕ ನಿಲ್ಲಿಸಿದ್ರಿ ಅಕ್ಕಾ? ಬರೀರಿ," ಎಂದಳು ಮಂಜುಳಾ.

ನಾನು ಬಳಪ ಕೆಳಗಿಟ್ಟೆ. ಎರಡು ದಿನ ನಾನು ಬೋರ್ಡಿನ ಮುಂದೆ ನಿಂತು ಮಾಡಿದ ಭಾಷಣವೆಲ್ಲ ನನ್ನ ಕೈಯ ಸ್ಲೇಟಿನಲ್ಲೇ ಬಿದ್ದುಹೋಗಿತ್ತು. ಹಾಗೆಂದು ಸಿಟ್ಟೂ ಇಳಿಯಲಿಲ್ಲ. ಆ ಕೊನೆಯ ಕಾಲು ಭಾಗದ ನಡಿಗೆ ಯಾವ ಲೆಕ್ಕದಲ್ಲೂ ಸರಿಯಾಗಲಿಲ್ಲ. ಅದನ್ನು ಯಾವ ಅಂಕಪಟ್ಟಿ ತಡೆಯುತ್ತದೆಂದು ನನಗೆ ಈಗಲೂ ತಿಳಿದಿಲ್ಲ.

ಸೆಲ್ವಿ ಪಾಯಸ ಬಡಿಸಿದಳು. ರೇಣುಕಾ ಎರಡು ಸಲ ಹಾಕಿಸಿಕೊಂಡಳು.

ಕೊನೆಯ ಬೆಳಿಗ್ಗೆ

ಮೂರನೆಯ ಸ್ಥಾನಕ್ಕೆ ನಾವು ಮತ್ತು ಕೊಲಂಬೊ. ಫೈನಲ್‌ಗೆ ಮುಂಚಿನ ಪಂದ್ಯ, ಪ್ರೇಕ್ಷಕರು ಇನ್ನೂ ಬಂದು ಕೂರುತ್ತಿದ್ದರು. ರೇಣುಕಾಳ ಕಾಲು ಊದಿತ್ತು. ಆಡಬೇಡವೆಂದೆ. "ಮನೆಗೋದ್ಮೇಲೆ ಕೂತೇ ಇರೋದು ಐತಲ್ಲ," ಎಂದು ಪಟ್ಟಿ ಬಿಗಿದುಕೊಂಡಳು.

ಎರಡನೆಯ ದಿನ ನಾವು ಸೋಲಿಸಿದ ತಂಡ ಇದಲ್ಲವೆನ್ನುವಂತೆ ಕೊಲಂಬೊದವರು ಆಡಿದರು. ಮೊದಲ ಗೋಲು ಅವರದು, ನಿಲ್ಮಿನಿ ಹೊಡೆದದ್ದು. ನಮ್ಮ ಮಂಜುಳಾ ಸಮ ಮಾಡಿದಳು. ಸೀಟಿ ಊದಿದಾಗ ಒಂದು ಒಂದು. ನಾನು ಶೂಟೌಟ್‌ಗೆ ಹೆಲ್ಮೆಟ್ಟು ಬಿಗಿದುಕೊಂಡೆ. ಆಗ ಅಂಪೈರ್ ಬಂದು ಹೇಳಿದರು: ಈ ಪಂದ್ಯಕ್ಕೆ ಶೂಟೌಟ್ ಇಲ್ಲ. ಸಮವಾದರೆ ಮೂರನೆಯ ಸ್ಥಾನ ಇಬ್ಬರಿಗೂ. ಫೈನಲ್‌ಗೆ ಮೈದಾನ ಬಿಡಬೇಕು.

ಬೇಕಾದಾಗ ಇಲ್ಲ, ಬೇಡವಾದಾಗ ಇದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಲ್ಮಿನಿ ಮೈದಾನದ ನಡುವೆ ರೇಣುಕಾಳ ಎದುರಿಗೆ ಬಂದು ನಿಂತಿದ್ದಳು. ಇಬ್ಬರಿಗೂ ಬರುವ ಭಾಷೆಯೇ ಇಲ್ಲ. ನಿಲ್ಮಿನಿ ಚೆಂಡನ್ನು ತೋರಿಸಿದಳು. ಆಮೇಲೆ ಒಂದು ಬೆರಳು ತೋರಿಸಿದಳು. ಒಂದು ಗೋಲು. ರೇಣುಕಾ ತಲೆಯಾಡಿಸಿದಳು.

ಅಂಪೈರ್ ಗಡಿಯಾರ ನೋಡಿಕೊಂಡರು, ಲಿಮ್ ಇದ್ದ ಮೇಜಿನ ಕಡೆ ನೋಡಿದರು, ಮೈದಾನಕ್ಕೆ ನೀರು ಬಿಡಲು ಇನ್ನೂ ಸ್ವಲ್ಪ ಹೊತ್ತಿದೆಯೆಂದು ಕಂಡು ಭುಜ ಕುಣಿಸಿದರು. ಆಟ ಮುಂದುವರಿಯಿತು. ಇದಕ್ಕೆ ಅಂಕವೂ ಇಲ್ಲ, ನಿಯಮವೂ ಇಲ್ಲ. ಕೂತಿದ್ದ ಜನ ಒಬ್ಬೊಬ್ಬರಾಗಿ ಬೇಲಿಯ ಹತ್ತಿರ ಬಂದು ನಿಂತರು. ಸೆಲ್ವಿಯೂ ಫೈನಲ್‌ನ ಉಡುಪಿನಲ್ಲೇ ಬಂದು ನಿಂತಳು. ಯಾರೂ ಚೆಂಡನ್ನು ಹಿಂದಕ್ಕೆ ತಳ್ಳಲಿಲ್ಲ. ಒಂದು ಹೊಡೆತವನ್ನು ನಾನು ಕಾಲಿನ ತುದಿಯಲ್ಲಿ ತಡೆದೆ, ಅವರ ಕೀಪರ್ ಎರಡು ತಡೆದಳು. ಕೊನೆಗೆ ರೇಣುಕಾ ಕುಂಟುತ್ತಲೇ ಬಲಗಡೆಯಿಂದ ಹೋಗಿ ಗೋಲಿನ ಮುಂದಕ್ಕೆ ಚೆಂಡು ದೂಡಿದಳು. ಅದು ಯಾರ ಸ್ಟಿಕ್ಕಿಗೆ ತಾಗಿತೋ, ಮಂಜುಳಾ ತನ್ನದೆನ್ನುತ್ತಾಳೆ, ಒಳಗೆ ಹೋಯಿತು. ರೇಣುಕಾ ಬಿದ್ದಲ್ಲಿಯೇ ಕೂತಿದ್ದಳು. ಅವಳನ್ನು ಎಬ್ಬಿಸಿದವಳು ನಿಲ್ಮಿನಿ.

ಫೈನಲ್‌ನಲ್ಲಿ ಸಿಂಗಪುರ ಮೂರು ಸೊನ್ನೆಯಿಂದ ಗೆದ್ದಿತು. ಆಮೇಲೆ ಬಹುಮಾನ ಹಂಚುವ ಹೊತ್ತು. ಲಿಮ್ ಮೈಕಿನಲ್ಲಿ ಘೋಷಿಸಿದರು: ಮೂರನೆಯ ಸ್ಥಾನವನ್ನು ದಾವಣಗೆರೆ ಮತ್ತು ಕೊಲಂಬೊ ಹಂಚಿಕೊಂಡಿವೆ, ಇಬ್ಬರೂ ನಾಯಕಿಯರು ಬರಬೇಕು. ನನ್ನ ಪಕ್ಕದಲ್ಲಿ ಮಂಜುಳಾ ಬೈದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಅಧಿಕೃತ ಹಾಳೆಯಲ್ಲಿ ಆಟ ಒಂದು ಒಂದಕ್ಕೇ ಮುಗಿದಿತ್ತು. ಆಮೇಲೆ ಆಡಿದ್ದು ಅವರ ಪಾಲಿಗೆ ನಡೆದೇ ಇರಲಿಲ್ಲ.

ಇಬ್ಬರೂ ವೇದಿಕೆ ಹತ್ತಿದರು. ಲಿಮ್ ಕಪ್ ಚಾಚಿದರು, ಇಬ್ಬರೂ ಒಂದೊಂದು ಹಿಡಿ ಹಿಡಿಯಲೆಂದು. ನಿಲ್ಮಿನಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಲಿಮ್ ಕಿವಿಯಲ್ಲಿ ಏನೋ ಹೇಳಿದಳು. ಅವರು ನಕ್ಕು ಹಾಳೆ ತೋರಿಸಿದರು. ಅವಳು ಹಾಳೆ ನೋಡಲೂ ಇಲ್ಲ, ಮೈಕಿಗೆ ಬಾಗಿ, ಮಕ್ಕಳಿಗೆ ಪಾಠ ಹೇಳುವ ದನಿಯಲ್ಲಿ, ಬಿಡಿಬಿಡಿ ಇಂಗ್ಲಿಷಿನಲ್ಲಿ ಹೇಳಿದಳು: "ನಾವು ಸೋತೆವು. ಎರಡು ಒಂದು. ಅವರು ಗೆದ್ದರು. ದಯವಿಟ್ಟು ಸರಿ ಮಾಡಿ." ಹೇಳಿ ವೇದಿಕೆ ಇಳಿದು ತನ್ನ ತಂಡದ ಸಾಲಿನಲ್ಲಿ ಹೋಗಿ ನಿಂತಳು.

ರೇಣುಕಾ ಎರಡೂ ಕೈಯಲ್ಲಿ ಕಪ್ ಇಸಿದುಕೊಂಡಳು.

ಅವಳ ಆಪರೇಷನ್ ಆಯಿತು, ಈಗ ಗದ್ದೆಯ ಬದುವಿನ ಮೇಲೆ ನಿಧಾನವಾಗಿ ಓಡಾಡುತ್ತಾಳೆ. ಪಂದ್ಯಾವಳಿಯ ವೆಬ್‌ಸೈಟಿನಲ್ಲಿ ಮೂರನೆಯ ಸ್ಥಾನ ಇವತ್ತಿಗೂ ಇಬ್ಬರಿಗೂ ಎಂದೇ ಇದೆ. ನಾನು ಲಿಮ್ ಅವರಿಗೆ ಒಂದು ಮೇಲ್ ಬರೆದೆ. ಬಹಳ ಸಭ್ಯವಾದ ಉತ್ತರ ಬಂತು, ತಿದ್ದುಪಡಿ ಬರಲಿಲ್ಲ. ನಾನು ಸೋತು ಸುಮ್ಮನಾದೆ. ನಿಲ್ಮಿನಿ ಮಾತ್ರ, ಸೆಲ್ವಿ ಹೇಳುವ ಪ್ರಕಾರ, ತಾವು ಸೋತೆವೆಂದು ಲಿಮ್ ಅವರಿಗೆ ಇನ್ನೂ ಬರೆಯುತ್ತಲೇ ಇದ್ದಾಳೆ.